ನಾರ್ಡಿಕ್ ನುವಾರ್ ಧಾರಾವಾಹಿಗಳನ್ನು ನೋಡುವ ಬಗೆ: ಆಯ್ಕೆಯಿಂದ ಮರುನೋಟದವರೆಗೆ

ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್‌ಗಳಲ್ಲಿ ತಯಾರಾಗುವ ಅಪರಾಧ ಧಾರಾವಾಹಿಗಳನ್ನು ನಾರ್ಡಿಕ್ ನುವಾರ್ ಎಂಬ ಒಂದೇ ಹೆಸರಿನಿಂದ ಗುರುತಿಸುವ ರೂಢಿ ಈಗ ಎಲ್ಲೆಡೆ ಬೇರೂರಿದೆ. ಓಟಿಟಿ ವೇದಿಕೆಗಳ ಮೂಲಕ ಇವು ನಮ್ಮ ಮನೆಗಳಿಗೂ ಬಂದಿವೆ. ಆದರೂ ಮೊದಲ ಕಂತನ್ನು ನೋಡಿ ಅಲ್ಲಿಗೇ ಕೈಬಿಟ್ಟವರು ಸಾಕಷ್ಟು ಮಂದಿ ಸಿಗುತ್ತಾರೆ. ಕಥೆ ಮುಂದಕ್ಕೆ ಸಾಗುವುದೇ ಇಲ್ಲ, ಪರದೆಯ ಮೇಲೆ ಕತ್ತಲೆಯ ಹೊರತು ಏನೂ ಕಾಣುವುದಿಲ್ಲ, ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ದೂರು. ಈ ಮೂರೂ ತೊಡಕುಗಳಿಗೆ ಪರಿಹಾರವಿದೆ, ಮತ್ತು ಅವುಗಳನ್ನು ದಾಟಿದವರಿಗೆ ದೂರದರ್ಶನ ಮಾಧ್ಯಮ ಮುಟ್ಟಿರುವ ಅತ್ಯಂತ ಗಂಭೀರವಾದ ಎತ್ತರಗಳಲ್ಲಿ ಒಂದು ಕಾಣುತ್ತದೆ ಎಂಬ ದೃಢವಾದ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ನೋಡಲು ಕೂರುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕೊಲೆ ಮಾಡಿದವರು ಯಾರು ಎಂಬ ಪ್ರಶ್ನೆ ಈ ಧಾರಾವಾಹಿಗಳಲ್ಲಿ ಕಥೆಯನ್ನು ಮುಂದಕ್ಕೆ ಎಳೆಯುವ ಹಗ್ಗವಷ್ಟೆ. ಒಂದು ಸಾವು ಒಂದು ಮನೆಯನ್ನು, ಒಂದು ಪೊಲೀಸ್ ಠಾಣೆಯನ್ನು, ಒಂದು ನಗರದ ಆಡಳಿತವನ್ನು ಒಳಗಿನಿಂದ ಹೇಗೆ ಕದಲಿಸುತ್ತದೆ ಎಂಬುದನ್ನು ತೋರಿಸಲೆಂದೇ ಇವುಗಳನ್ನು ಕಟ್ಟಲಾಗಿದೆ. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ತಿಳಿವಳಿಕೆಯಿಂದಲೇ ಹುಟ್ಟಿದವು.

ಮೊದಲ ಹಂತ: ಈ ಪರಂಪರೆ ಎಲ್ಲಿಂದ ಬಂತು ಎಂದು ತಿಳಿಯುವುದು

ದೂರದರ್ಶನಕ್ಕೆ ಬರುವ ಮೊದಲೇ ಈ ಬಗೆಯ ಕಥನ ಪುಸ್ತಕಗಳಲ್ಲಿ ರೂಪುಗೊಂಡಿತ್ತು. ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೇರ್ ವಾಲೋ ಎಂಬ ಜೋಡಿ 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯನ್ನು ಕೇಂದ್ರದಲ್ಲಿಟ್ಟು ಹತ್ತು ಕಾದಂಬರಿಗಳನ್ನು ಬರೆಯಿತು. ಎಡಪಂಥೀಯ ಚಿಂತನೆಯ ಈ ಇಬ್ಬರ ಉದ್ದೇಶ ಸ್ಪಷ್ಟವಾಗಿತ್ತು: ಎಲ್ಲರಿಗೂ ಶಿಕ್ಷಣ, ಆರೋಗ್ಯ ಮತ್ತು ಭದ್ರತೆಯನ್ನು ಕೊಡುತ್ತೇನೆಂದು ಹೇಳಿಕೊಂಡ ಕಲ್ಯಾಣ ರಾಜ್ಯದ ಹೊಳಪಿನ ಕೆಳಗೆ ಯಾರು ನಲುಗುತ್ತಿದ್ದಾರೆ ಎಂಬುದನ್ನು ಪತ್ತೇದಾರಿ ಕಥೆಯ ರೂಪದಲ್ಲಿ ಜನರ ಮುಂದಿಡುವುದು. 1986ರ ಫೆಬ್ರುವರಿ 28ರ ರಾತ್ರಿ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಲ್ಮೆ ಸಿನಿಮಾ ನೋಡಿಕೊಂಡು ಹೆಂಡತಿಯೊಂದಿಗೆ, ಅಂಗರಕ್ಷಕರಿಲ್ಲದೆ, ಸ್ಟಾಕ್‌ಹೋಮ್‌ನ ಬೀದಿಯಲ್ಲಿ ನಡೆದು ಹೋಗುತ್ತಿದ್ದಾಗ ಗುಂಡಿಗೆ ಬಲಿಯಾದರು. ಆ ತನಿಖೆ ದಶಕಗಳ ಕಾಲ ಎಲ್ಲಿಗೂ ಮುಟ್ಟಲಿಲ್ಲ. ತಮ್ಮ ದೇಶ ಸುರಕ್ಷಿತ, ತಮ್ಮ ಪೊಲೀಸರು ಸಮರ್ಥರು ಎಂದು ನಂಬಿದ್ದ ಸಮಾಜದ ಮೇಲೆ ಬಿದ್ದ ಈ ಪೆಟ್ಟನ್ನು ಮರೆತರೆ ಮುಂದಿನ ಸ್ವೀಡಿಷ್ ಅಪರಾಧ ಕಥನದ ಆತಂಕ ಅರ್ಥವಾಗುವುದಿಲ್ಲ. 1991ರಲ್ಲಿ ಹೆನ್ನಿಂಗ್ ಮಾಂಕೆಲ್ ವಲ್ಲಾಂಡರ್ ಎಂಬ ಪೊಲೀಸ್ ಅಧಿಕಾರಿಯ ಕುರಿತ ತಮ್ಮ ಮೊದಲ ಕಾದಂಬರಿಯಲ್ಲಿ ದಕ್ಷಿಣದ ಇಸ್ಟಾಡ್ ಎಂಬ ಸಣ್ಣ ಊರನ್ನು ಆಯ್ದುಕೊಂಡು, ವಲಸಿಗರ ಮೇಲಿನ ದ್ವೇಷವನ್ನು ಕಥೆಯ ನಡುವಿಗೆ ತಂದರು.

ದೂರದರ್ಶನದ ಮಟ್ಟಿಗೆ ತಿರುವು ಬಂದದ್ದು ಡೆನ್ಮಾರ್ಕಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಡಿಆರ್‌ನಿಂದ. ಆ ಸಂಸ್ಥೆ ತನ್ನ ನಾಟಕ ವಿಭಾಗಕ್ಕೆ ಕೆಲವು ನಿಯಮಗಳನ್ನು ಹಾಕಿಕೊಂಡಿತು. ಬರಹಗಾರನ ಒಂದೇ ದೃಷ್ಟಿ ಇಡೀ ಧಾರಾವಾಹಿಯನ್ನು ನಡೆಸಬೇಕು, ಸಿನಿಮಾ ಮತ್ತು ದೂರದರ್ಶನದ ಕಲಾವಿದರು, ತಂತ್ರಜ್ಞರು ಪರಸ್ಪರ ಕೊಡುಕೊಳ್ಳಬೇಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಕಥೆಯಲ್ಲೂ ಎರಡು ಪದರಗಳಿರಬೇಕು: ನೋಡುಗರನ್ನು ಹಿಡಿದಿಡುವ ಘಟನಾವಳಿ ಒಂದು, ಅದರ ಕೆಳಗೆ ಹರಿಯುವ ನೈತಿಕ ಅಥವಾ ಸಾಮಾಜಿಕ ಪ್ರಶ್ನೆ ಇನ್ನೊಂದು. ಈ ಎರಡನೆಯ ಪದರವನ್ನು ಹುಡುಕುವ ಅಭ್ಯಾಸವನ್ನು ಬೆಳೆಸಿಕೊಂಡರೆ ನೋಡುವ ಕಲೆಯ ಅರ್ಧ ಭಾಗ ಕೈಗೆ ಬಂದಂತೆ.

ಎರಡನೆಯ ಹಂತ: ಆರಂಭಕ್ಕೆ ಸರಿಯಾದ ಧಾರಾವಾಹಿಯನ್ನು ಆರಿಸುವುದು

ವೇದಿಕೆ ತಾನಾಗಿ ಮುಂದಿಡುವ ಶಿಫಾರಸನ್ನು ಒತ್ತಿ ಆರಂಭಿಸುವುದಕ್ಕಿಂತ, ತಮ್ಮ ತಾಳ್ಮೆ ಮತ್ತು ಸಮಯವನ್ನು ಅಳೆದುಕೊಂಡು ಆರಿಸುವುದು ಒಳ್ಳೆಯದು. ಒಂದು ವಾರಾಂತ್ಯ ಮಾತ್ರ ಇದ್ದರೆ ಡೆನ್ಮಾರ್ಕಿನ 'ದಿ ಚೆಸ್ಟ್‌ನಟ್ ಮ್ಯಾನ್' ಸೂಕ್ತ. 2021ರಲ್ಲಿ ಬಂದ ಇದರ ಮೊದಲ ಕಥೆ ಆರೇ ಕಂತುಗಳಲ್ಲಿ ಮುಗಿಯುತ್ತದೆ, ವೇಗವೂ ಇದೆ. ಆದರೆ ಹಿಂಸೆಯ ದೃಶ್ಯಗಳು ಕಟುವಾಗಿವೆ ಎಂಬುದನ್ನು ಮೊದಲೇ ತಿಳಿದಿರಬೇಕು. ಸಣ್ಣ ಊರು, ಹಿಮ, ಒಬ್ಬರನ್ನೊಬ್ಬರು ಬಲ್ಲ ಜನ ಇಷ್ಟವಾಗುವವರಿಗೆ ಐಸ್‌ಲ್ಯಾಂಡಿನ 'ಟ್ರ್ಯಾಪ್ಡ್' ಇದೆ. ಪತ್ತೇದಾರರ ಸಂಬಂಧವೇ ಮುಖ್ಯವೆನ್ನುವವರಿಗೆ ಸ್ವೀಡನ್ ಮತ್ತು ಡೆನ್ಮಾರ್ಕ್ ಜೊತೆಗೂಡಿ ಮಾಡಿದ 'ದಿ ಬ್ರಿಡ್ಜ್' ಇದೆ. ಫಿನ್‌ಲ್ಯಾಂಡಿನ 'ಬಾರ್ಡರ್‌ಟೌನ್' ರಷ್ಯಾದ ಗಡಿಗೆ ಹತ್ತಿರದ ಲಪ್ಪೇನ್‌ರಾಂಟಾ ಎಂಬ ಊರಿನಲ್ಲಿ ನಡೆಯುತ್ತದೆ. ಅದರಲ್ಲಿ ಕೆಲವೇ ಕಂತುಗಳಿಗೊಂದು ಪ್ರಕರಣ ಮುಗಿಯುವುದರಿಂದ ದೀರ್ಘ ಕಥೆಗೆ ಹೊಂದಿಕೊಳ್ಳಲಾಗದವರಿಗೆ ಅದು ಹಿತವಾದೀತು.

ಸಮಯವಿದ್ದರೆ, ಮನಸ್ಸೂ ಇದ್ದರೆ, ಡೆನ್ಮಾರ್ಕಿನ 'ಫೋರ್‌ಬ್ರಿಡೆಲ್ಸನ್' ಧಾರಾವಾಹಿಯ ಮೊದಲ ಸರಣಿಯಿಂದಲೇ ಆರಂಭಿಸಬೇಕು ಎಂಬುದು ನನ್ನ ಸಲಹೆ. ಇಂಗ್ಲಿಷ್ ಜಗತ್ತಿನಲ್ಲಿ ಇದನ್ನು 'ದಿ ಕಿಲ್ಲಿಂಗ್' ಎಂದು ಕರೆಯುತ್ತಾರೆ. ಸೋರೆನ್ ಸ್ವೈಸ್ಟ್ರುಪ್ ಬರೆದ ಈ ಸರಣಿ 2007ರಲ್ಲಿ ಡಿಆರ್‌ನಲ್ಲಿ ಪ್ರಸಾರವಾಯಿತು, 2011ರಲ್ಲಿ ಬ್ರಿಟನ್ನಿನ ಬಿಬಿಸಿ ಫೋರ್ ವಾಹಿನಿಯಲ್ಲಿ ಡ್ಯಾನಿಷ್ ಮಾತಿನಲ್ಲೇ, ಉಪಶೀರ್ಷಿಕೆಗಳೊಂದಿಗೆ ಪ್ರಸಾರವಾಗಿ ಅಲ್ಲಿನ ನೋಡುಗರನ್ನು ಸೆರೆಹಿಡಿಯಿತು. ಅನಂತರ ಬಂದ ಬಹುತೇಕ ಧಾರಾವಾಹಿಗಳು ಇದರ ವ್ಯಾಕರಣವನ್ನು ಅನುಸರಿಸಿವೆ ಅಥವಾ ಬೇಕೆಂದೇ ಮುರಿದಿವೆ. ಆದ್ದರಿಂದ ಇದನ್ನು ನೋಡಿದವರಿಗೆ ಉಳಿದವು ಸುಲಭವಾಗಿ ತೆರೆದುಕೊಳ್ಳುತ್ತವೆ. ಯಾವ ಧಾರಾವಾಹಿ ಯಾವ ವೇದಿಕೆಯಲ್ಲಿದೆ ಎಂಬುದು ಆಗಾಗ ಬದಲಾಗುವುದರಿಂದ ಹುಡುಕುವಾಗ ಮೂಲ ಹೆಸರು ಮತ್ತು ಇಂಗ್ಲಿಷ್ ಹೆಸರು ಎರಡನ್ನೂ ಹಾಕಿ ನೋಡಬೇಕು. ಒಂದೇ ಇಂಗ್ಲಿಷ್ ಹೆಸರಿನಲ್ಲಿ ಅಮೆರಿಕದ ಮರುರೂಪವೂ ಇರುವುದರಿಂದ ಭಾಷೆ ಮತ್ತು ವರ್ಷವನ್ನು ಪರಿಶೀಲಿಸದೆ ಆರಂಭಿಸಬಾರದು.

ಮೂರನೆಯ ಹಂತ: ನೋಡುವ ಸಿದ್ಧತೆ

ಮೊದಲು ಧ್ವನಿಯನ್ನು ಸರಿಪಡಿಸಿಕೊಳ್ಳಿ. ಕೆಲವು ವೇದಿಕೆಗಳು ಇಂಗ್ಲಿಷ್ ಡಬ್ಬಿಂಗ್ ಧ್ವನಿಯನ್ನೇ ತಾವಾಗಿ ಹಚ್ಚುತ್ತವೆ. ಅದನ್ನು ಬದಲಿಸಿ ಮೂಲ ಭಾಷೆಯ ಧ್ವನಿಯನ್ನು ಆರಿಸಿ, ಉಪಶೀರ್ಷಿಕೆಗಳನ್ನು ಹಾಕಿಕೊಳ್ಳಬೇಕು. ಈ ಧಾರಾವಾಹಿಗಳಲ್ಲಿ ಮಾತು ಕಡಿಮೆ. ಮಾತು ನಿಂತ ಮೇಲಿನ ಉಸಿರು, ತಡವರಿಕೆ, ಪದ ಸಿಗದೆ ನಿಲ್ಲುವ ಗಳಿಗೆ ಇವೆಲ್ಲ ನಟನೆಯ ಅರ್ಧ ಭಾಗ. ಡಬ್ಬಿಂಗ್ ಮಾಡಿದ ಧ್ವನಿಯಲ್ಲಿ ಇವು ಅಳಿಸಿಹೋಗುತ್ತವೆ. ಕನ್ನಡದ ಉಪಶೀರ್ಷಿಕೆಗಳು ಬಹಳ ಅಪರೂಪವಾಗಿರುವುದರಿಂದ ಹೆಚ್ಚಿನವರು ಇಂಗ್ಲಿಷಿನಲ್ಲೇ ಓದಬೇಕಾಗುತ್ತದೆ. ಓದುವ ವೇಗ ಸಾಲದೆನಿಸಿದರೆ ಅಕ್ಷರಗಳ ಗಾತ್ರವನ್ನು ದೊಡ್ಡದು ಮಾಡಿಕೊಂಡು, ಆರಂಭದ ಒಂದೆರಡು ಕಂತುಗಳಲ್ಲಿ ಬೇಕಾದಾಗ ನಿಲ್ಲಿಸಿ ಮುಂದುವರಿಯಲು ಹಿಂಜರಿಯಬಾರದು. ಮನೆಯ ಹಿರಿಯರೊಂದಿಗೆ ನೋಡುವುದಾದರೆ ಒಬ್ಬರು ಮೆಲುದನಿಯಲ್ಲಿ ಸಾರಾಂಶ ಹೇಳುತ್ತಾ ಹೋಗಬಹುದು, ಮೌನ ಹೆಚ್ಚಿರುವುದರಿಂದ ಅದಕ್ಕೆ ಬೇಕಾದಷ್ಟು ಅವಕಾಶ ಸಿಗುತ್ತದೆ.

ಇನ್ನು ಬೆಳಕು. ಕತ್ತಲೆಯ ದೃಶ್ಯಗಳು ಕಾಣುವುದಿಲ್ಲವೆಂಬ ದೂರಿಗೆ ಬಹುಮಟ್ಟಿಗೆ ನಮ್ಮ ನಡುಮನೆಯ ಟ್ಯೂಬ್‌ಲೈಟೇ ಕಾರಣ. ಕೋಣೆಯ ದೀಪವನ್ನು ಆರಿಸಿ, ಟಿವಿಯ ಚಿತ್ರದ ಆಯ್ಕೆಗಳಲ್ಲಿ ಸಿನಿಮಾ ಎಂಬುದನ್ನು ಹಾಕಿ, ಚಲನೆಯನ್ನು ಕೃತಕವಾಗಿ ನಯಗೊಳಿಸುವ ಸೌಲಭ್ಯವನ್ನು ತೆಗೆದುಬಿಡಿ. ಮೊಬೈಲಿನಲ್ಲಿ, ಬಸ್ಸಿನಲ್ಲಿ ಕೂತು ನೋಡುವ ಧಾರಾವಾಹಿಗಳು ಇವಲ್ಲ.

ಮೂರನೆಯದು ಗತಿ. 'ಫೋರ್‌ಬ್ರಿಡೆಲ್ಸನ್' ಮೊದಲ ಸರಣಿಯಲ್ಲಿ ಇಪ್ಪತ್ತು ಕಂತುಗಳಿದ್ದು, ಒಂದೊಂದು ಕಂತೂ ತನಿಖೆಯ ಒಂದೊಂದು ದಿನ. ಆದ್ದರಿಂದ ದಿನಕ್ಕೆ ಒಂದೇ ಕಂತು ನೋಡುವುದು ಅದರ ರಚನೆಗೆ ಒಪ್ಪುವ ಕ್ರಮ. ರಾತ್ರಿಯಿಡೀ ಕೂತು ಎಂಟು ಕಂತು ಮುಗಿಸಿದವರಿಗೆ ಸುಳಿವುಗಳು ಮಾತ್ರ ನೆನಪಿರುತ್ತವೆ. ದಿನಕ್ಕೊಂದರಂತೆ ನೋಡಿದವರಿಗೆ ಆ ಕುಟುಂಬದ ನವೆಂಬರ್ ತಿಂಗಳು ತಮ್ಮದೇ ತಿಂಗಳಿನ ಭಾಗವಾಗುತ್ತದೆ.

ಹೆಸರುಗಳಿಗಾಗಿ ಒಂದು ಕಾಗದವನ್ನು ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಮೂರು ಕಂಬಗಳನ್ನು ಮಾಡಿ ಮನೆ, ಠಾಣೆ, ಅಧಿಕಾರ ಎಂದು ಬರೆದು, ಹೊಸ ವ್ಯಕ್ತಿ ಬಂದಂತೆಲ್ಲ ಆಯಾ ಕಂಬದಲ್ಲಿ ಸೇರಿಸಿದರೆ ಎರಡನೆಯ ಕಂತಿನ ಹೊತ್ತಿಗೆ ಗೊಂದಲ ಕರಗುತ್ತದೆ. ಐಸ್‌ಲ್ಯಾಂಡಿನ ಹೆಸರುಗಳ ಪದ್ಧತಿ ಕನ್ನಡಿಗರಿಗೆ ಅಷ್ಟೇನೂ ದೂರದ್ದಲ್ಲ. ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ, ತಂದೆಯ ಅಥವಾ ತಾಯಿಯ ಹೆಸರಿಗೆ ಮಗ ಅಥವಾ ಮಗಳು ಎಂಬುದನ್ನು ಸೇರಿಸುತ್ತಾರೆ. ತಂದೆಯ ಹೆಸರಿನ ಮೊದಲಕ್ಷರವನ್ನು ಹೊತ್ತು ಓಡಾಡುವ ನಮ್ಮಲ್ಲಿನ ಅನೇಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಐದೂ ದೇಶಗಳಲ್ಲಿ ಕಿರಿಯ ಸಿಬ್ಬಂದಿ ಮೇಲಧಿಕಾರಿಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅದು ಅಗೌರವವಲ್ಲ, ಆದ್ದರಿಂದ ಅಲ್ಲಿನ ಅಧಿಕಾರದ ಶ್ರೇಣಿಯನ್ನು ಸಂಬೋಧನೆಯಲ್ಲಿ ಹುಡುಕದೆ, ಸಭೆಯಲ್ಲಿ ಯಾರು ಮೊದಲು ಮೌನವಾಗುತ್ತಾರೆ ಎಂಬುದರಲ್ಲಿ ಹುಡುಕಬೇಕು.

ನಾಲ್ಕನೆಯ ಹಂತ: ಮೂರು ಎಳೆಗಳನ್ನು ಒಟ್ಟಿಗೆ ಹಿಡಿಯುವುದು

'ಫೋರ್‌ಬ್ರಿಡೆಲ್ಸನ್' ಕಥೆಯ ಆರಂಭ ಹೀಗಿದೆ. ನಾನಾ ಬಿರ್ಕ್ ಲಾರ್ಸನ್ ಎಂಬ ಹತ್ತೊಂಬತ್ತರ ಹುಡುಗಿ ಕಾಣೆಯಾಗುತ್ತಾಳೆ. ನೀರಿನಿಂದ ಮೇಲೆತ್ತಿದ ಕಾರಿನ ಡಿಕ್ಕಿಯಲ್ಲಿ ಅವಳ ದೇಹ ಸಿಗುತ್ತದೆ. ಆ ಕಾರು ಕೋಪನ್‌ಹೇಗನ್ ನಗರದ ಮೇಯರ್ ಹುದ್ದೆಗೆ ಸ್ಪರ್ಧಿಸಿರುವ ಟ್ರೋಲ್ಸ್ ಹಾರ್ಟ್‌ಮನ್ ಅವರ ಚುನಾವಣಾ ಪ್ರಚಾರಕ್ಕೆ ಸೇರಿದ್ದು. ತನಿಖೆಯ ಹೊಣೆ ಹೊತ್ತ ಸಾರಾ ಲುಂಡ್ ಅಂದೇ ಕೆಲಸ ಬಿಟ್ಟು, ಮಗನೊಂದಿಗೆ ಸ್ವೀಡನ್ನಿಗೆ ಹೊರಡಬೇಕಾಗಿದ್ದವಳು. ಇಲ್ಲಿಂದ ಮುಂದೆ ಕಥೆ ಮೂರು ಕಡೆ ಏಕಕಾಲದಲ್ಲಿ ನಡೆಯುತ್ತದೆ: ಪೊಲೀಸರ ಕಚೇರಿ, ನಗರಾಡಳಿತದ ಭವನ, ಮತ್ತು ಆ ಹುಡುಗಿಯ ಮನೆ.

ಹೆಚ್ಚಿನ ಅಪರಾಧ ಕಥೆಗಳಲ್ಲಿ ಮೃತರ ಮನೆಯವರು ಒಂದು ದೃಶ್ಯದಲ್ಲಿ ಅತ್ತು ಮರೆಯಾಗುತ್ತಾರೆ. ಇಲ್ಲಿ ಅವರು ಇಪ್ಪತ್ತು ಕಂತುಗಳ ಉದ್ದಕ್ಕೂ ನಮ್ಮ ಮುಂದೆ ಇರುತ್ತಾರೆ. ಸಾಮಾನು ಸಾಗಿಸುವ ಸಣ್ಣ ಉದ್ಯಮ ನಡೆಸುವ ತಂದೆ ತೈಸ್, ತಾಯಿ ಪರ್ನಿಲ್ಲೆ, ಇನ್ನೂ ಚಿಕ್ಕವರಾದ ಇಬ್ಬರು ಗಂಡುಮಕ್ಕಳು. ಮೊದಲ ಕಂತಿನ ಕೊನೆಯಲ್ಲಿ ತಂದೆ ಆ ಸ್ಥಳಕ್ಕೆ ಧಾವಿಸುತ್ತಾನೆ, ಫೋನಿನ ಇನ್ನೊಂದು ತುದಿಯಲ್ಲಿ ತಾಯಿ ಇದ್ದಾಳೆ. ಆಕೆಗೆ ಸುದ್ದಿಯನ್ನು ಯಾರೂ ಹೇಳುವುದಿಲ್ಲ, ಗಂಡನ ಕೂಗಿನಿಂದಲೇ ಎಲ್ಲವೂ ತಿಳಿಯುತ್ತದೆ. ನೋಡುವಾಗ ಕೊಲೆಯ ಸುಳಿವಿಗಾಗಿ ಕಾತರಿಸದೆ ಈ ಮನೆಯ ಅಡುಗೆಮನೆಯನ್ನು ಗಮನಿಸುತ್ತಾ ಹೋಗಬೇಕು. ಆ ಊಟದ ಮೇಜಿನ ಸುತ್ತ ಯಾರು ಕೂರುತ್ತಾರೆ, ಯಾರು ಎದ್ದು ಹೋಗುತ್ತಾರೆ, ಹೊರಗಿನವರು ಒಳಗೆ ಬಂದಾಗ ಏನಾಗುತ್ತದೆ ಎಂಬುದರಲ್ಲಿ ಒಂದು ದಾಂಪತ್ಯದ ಇಡೀ ಚರಿತ್ರೆ ತೆರೆದುಕೊಳ್ಳುತ್ತದೆ. ಪರ್ನಿಲ್ಲೆಯ ಪಾತ್ರದಲ್ಲಿ ಆನ್ ಎಲಿಯೊನೋರಾ ಯೋರ್ಗೆನ್ಸನ್, ತೈಸ್ ಪಾತ್ರದಲ್ಲಿ ಬ್ಯಾರ್ನೆ ಹೆನ್ರಿಕ್ಸನ್ ನೀಡಿದ ಅಭಿನಯಕ್ಕೆ ಸಮನಾದದ್ದನ್ನು ಅಪರಾಧ ಧಾರಾವಾಹಿಗಳಲ್ಲಿ ನಾನು ಕಂಡಿಲ್ಲ.

ರಾಜಕೀಯದ ಎಳೆ ಮೊದಮೊದಲು ನಮ್ಮವರಿಗೆ ಬೇಸರ ತರಿಸಬಹುದು. ಸಮ್ಮಿಶ್ರ ಮೈತ್ರಿಯ ಲೆಕ್ಕಾಚಾರ, ಪತ್ರಿಕಾಗೋಷ್ಠಿ, ಸಲಹೆಗಾರರ ಪಿಸುಮಾತು ಇವೆಲ್ಲ ಕೊಲೆಗೆ ಸಂಬಂಧವಿಲ್ಲದ ಅಲಂಕಾರ ಎನ್ನಿಸುತ್ತವೆ. ಹಾಗೆನಿಸಿದಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಈ ದೃಶ್ಯದಲ್ಲಿ ಸತ್ಯವನ್ನು ಹೇಳಿದರೆ ಯಾರಿಗೆ ಎಷ್ಟು ನಷ್ಟ? ಮೂರೂ ಎಳೆಗಳನ್ನು ಒಂದಾಗಿ ಹೆಣೆಯುವ ದಾರ ಆ ಪ್ರಶ್ನೆಯೇ ಆಗಿದೆ. ಒಬ್ಬ ಅಭ್ಯರ್ಥಿ ತನ್ನ ಖಾಸಗಿ ನೋವನ್ನು ಮುಚ್ಚಿಡಲು ಸುಮ್ಮನಿರುತ್ತಾನೆ, ಒಬ್ಬ ಅಧಿಕಾರಿ ಇಲಾಖೆಯ ಮಾನಕ್ಕಾಗಿ, ಒಬ್ಬ ಶಿಕ್ಷಕ ಬೇರೊಬ್ಬರ ರಕ್ಷಣೆಗಾಗಿ. ಪ್ರತಿಯೊಂದು ಮೌನವೂ ತನಿಖೆಯನ್ನು ತಪ್ಪು ದಾರಿಗೆ ತಿರುಗಿಸುತ್ತದೆ, ಮತ್ತು ಆ ತಪ್ಪು ದಾರಿಯಲ್ಲಿ ನಿರಪರಾಧಿಯೊಬ್ಬ ಸಿಕ್ಕಿಬಿದ್ದಾಗ ನಾವೂ ಅವನನ್ನು ಅನುಮಾನಿಸಿದ್ದೆವೆಂಬುದು ಅರಿವಿಗೆ ಬರುತ್ತದೆ.

ಸಾರಾ ಲುಂಡ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸೋಫಿ ಗ್ರೋಬೋಲ್ ಅಭಿನಯಿಸಿದ ಈ ಪಾತ್ರ ಧರಿಸುವ ಫ್ಯಾರೋ ದ್ವೀಪಗಳ ಉಣ್ಣೆಯ ಸ್ವೆಟರ್ ಯುರೋಪಿನಲ್ಲಿ ಬಹಳ ಪ್ರಸಿದ್ಧವಾಯಿತು. ಆದರೆ ಗಮನಿಸಬೇಕಾದ್ದು ಆ ಉಡುಪು ಹೇಳುವ ಸಂಗತಿಯನ್ನು: ಈಕೆ ಯಾರ ಮೆಚ್ಚುಗೆಗಾಗಿಯೂ ಸಿಂಗರಿಸಿಕೊಂಡಿಲ್ಲ, ಗಂಡಸಿನಂತೆ ಕಾಣಲು ಸೂಟನ್ನೂ ಹಾಕಿಲ್ಲ. ಘಟನೆ ನಡೆದ ಸ್ಥಳಕ್ಕೆ ಬಂದಾಗ ಆಕೆ ಮಾತಾಡುವುದಕ್ಕಿಂತ ಹೆಚ್ಚು ನಿಂತು ನೋಡುತ್ತಾಳೆ. ಆ ನೋಟ ಎತ್ತ ಸಾಗುತ್ತದೆ ಎಂಬುದನ್ನು ಅನುಸರಿಸುವುದೇ ನೋಡುಗರಿಗೆ ಒಳ್ಳೆಯ ತರಬೇತಿ. ಅದೇ ಏಕಾಗ್ರತೆಯ ಬೆಲೆಯನ್ನು ಆಕೆಯ ಮಗ ಮತ್ತು ತಾಯಿ ತೆರುತ್ತಾರೆ ಎಂಬುದನ್ನು ಧಾರಾವಾಹಿ ಮುಚ್ಚಿಡುವುದಿಲ್ಲ.

ಐದನೆಯ ಹಂತ: ಗಡಿಯ ಎರಡೂ ಬದಿಯನ್ನು ಓದುವುದು

ಎರಡನೆಯ ಧಾರಾವಾಹಿಯಾಗಿ 2011ರಲ್ಲಿ ಆರಂಭವಾದ 'ದಿ ಬ್ರಿಡ್ಜ್' ಅನ್ನು ತೆಗೆದುಕೊಳ್ಳಬಹುದು. ಡೆನ್ಮಾರ್ಕಿನ ಕೋಪನ್‌ಹೇಗನ್ ಮತ್ತು ಸ್ವೀಡನ್ನಿನ ಮಾಲ್ಮೋ ನಗರಗಳನ್ನು ಬೆಸೆಯುವ ಓರೆಸುಂಡ್ ಸೇತುವೆ 2000ದಲ್ಲಿ ಸಂಚಾರಕ್ಕೆ ತೆರೆಯಿತು. ಸುಮಾರು ಎಂಟು ಕಿಲೋಮೀಟರ್ ಉದ್ದದ ಈ ಸೇತುವೆ ಒಂದು ಕೃತಕ ದ್ವೀಪವನ್ನು ಮುಟ್ಟಿ, ಅಲ್ಲಿಂದ ಸಮುದ್ರದಡಿಯ ಸುರಂಗವಾಗಿ ಮುಂದುವರಿಯುತ್ತದೆ. ಧಾರಾವಾಹಿಯ ಆರಂಭದಲ್ಲಿ ಒಂದು ರಾತ್ರಿ ಸೇತುವೆಯ ದೀಪಗಳು ಆರಿ ಮತ್ತೆ ಹತ್ತುವಷ್ಟರಲ್ಲಿ ಸರಿಯಾಗಿ ಗಡಿರೇಖೆಯ ಮೇಲೆ ಒಂದು ದೇಹವನ್ನು ಇರಿಸಲಾಗಿರುತ್ತದೆ. ಹೀಗಾಗಿ ಎರಡೂ ದೇಶಗಳ ಪೊಲೀಸರು ಜೊತೆಗೂಡಿ ತನಿಖೆ ನಡೆಸಬೇಕಾಗುತ್ತದೆ. ಹಾನ್ಸ್ ರೋಸೆನ್‌ಫೆಲ್ಟ್ ಸೃಷ್ಟಿಸಿದ ಈ ಧಾರಾವಾಹಿ ನಾಲ್ಕು ಸರಣಿಗಳನ್ನು ಕಂಡು 2018ರಲ್ಲಿ ಮುಗಿಯಿತು.

ಮೊದಲ ಕಂತಿನಲ್ಲೇ ಇಡೀ ಧಾರಾವಾಹಿಯ ನೈತಿಕ ಪ್ರಶ್ನೆಯನ್ನು ಹಿಡಿದಿಟ್ಟ ಒಂದು ಪ್ರಸಂಗವಿದೆ. ಹೃದಯ ಕಸಿಗಾಗಿ ರೋಗಿಯನ್ನು ಹೊತ್ತ ಆಂಬುಲೆನ್ಸ್ ಸೇತುವೆ ದಾಟಬೇಕು. ಸ್ವೀಡನ್ನಿನ ಸಾಗಾ ನೊರೇನ್ ಘಟನಾ ಸ್ಥಳವನ್ನು ಕದಲಿಸಬಾರದೆಂದು ತಡೆಯುತ್ತಾಳೆ, ಡೆನ್ಮಾರ್ಕಿನ ಮಾರ್ಟಿನ್ ರೋಹ್ಡೆ ಹೋಗಲು ಬಿಡುತ್ತಾನೆ. ಅದಕ್ಕಾಗಿ ಸಾಗಾ ಅವನ ವಿರುದ್ಧ ದೂರನ್ನೂ ಕೊಡುತ್ತಾಳೆ. ನಿಯಮ ದೊಡ್ಡದೋ ಕರುಣೆ ದೊಡ್ಡದೋ ಎಂಬ ಈ ಪ್ರಶ್ನೆಗೆ ಧಾರಾವಾಹಿ ಅವಸರದ ಉತ್ತರ ಕೊಡುವುದಿಲ್ಲ. ಮೊದಲ ಸರಣಿಯ ಕೊನೆಯ ಕಂತನ್ನು ನೋಡುವಾಗ ಈ ಆಂಬುಲೆನ್ಸ್ ಪ್ರಸಂಗವನ್ನು ನೆನಪಿಗೆ ತಂದುಕೊಳ್ಳಬೇಕೆಂಬುದಷ್ಟೇ ಇಲ್ಲಿ ಹೇಳಬಹುದಾದ ಮಾತು. ಸೋಫಿಯಾ ಹೆಲಿನ್ ಅಭಿನಯಿಸಿದ ಸಾಗಾಳ ಸ್ವಭಾವಕ್ಕೆ ಧಾರಾವಾಹಿ ಯಾವ ವೈದ್ಯಕೀಯ ಹೆಸರನ್ನೂ ಅಂಟಿಸುವುದಿಲ್ಲ. ಲೋಕರೂಢಿಯ ನಯ ಆಕೆಗೆ ಬರುವುದಿಲ್ಲ, ಸುಳ್ಳು ಹೇಳಲು ಬರುವುದಿಲ್ಲ. ಇಂತಹವಳನ್ನು ನಗೆಯ ವಸ್ತುವನ್ನಾಗಿ ಮಾಡದೆ, ಸಹೋದ್ಯೋಗಿಗಳು ನಿಧಾನವಾಗಿ ಆಕೆಯ ರೀತಿಗೆ ಹೊಂದಿಕೊಳ್ಳುವುದನ್ನು ತೋರಿಸಿರುವ ಎಚ್ಚರ ಮೆಚ್ಚತಕ್ಕದ್ದು.

ಮೊದಲ ಸರಣಿಯ ಅಪರಾಧಿ ಕಾನೂನಿನ ಮುಂದಿನ ಅಸಮಾನತೆ, ನೆಲೆಯಿಲ್ಲದವರ ಬದುಕು, ಮಾನಸಿಕ ಅಸ್ವಸ್ಥರ ಆರೈಕೆ, ವಲಸಿಗರ ಸ್ಥಿತಿ, ಬಾಲಕಾರ್ಮಿಕರು ಎಂಬ ಐದು ವಿಷಯಗಳನ್ನು ಒಂದೊಂದಾಗಿ ಎತ್ತಿ ಸಮಾಜವನ್ನು ಪ್ರಶ್ನಿಸುತ್ತಾನೆ. ಪ್ರಶ್ನೆಗಳು ನ್ಯಾಯವಾದವು, ಕೇಳುವ ವಿಧಾನ ಭೀಕರವಾದದ್ದು. ಪ್ರತಿ ಎರಡು ಕಂತಿಗೊಮ್ಮೆ ನಿಂತು, ಈ ಕೊಲೆಗಾರನ ಮಾತನ್ನು ಪತ್ರಿಕೆಗಳೂ ಜನರೂ ಏಕೆ ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದು ಯೋಚಿಸಿದರೆ ಡಿಆರ್ ಹೇಳಿದ ಆ ಎರಡನೆಯ ಪದರ ಸ್ಪಷ್ಟವಾಗುತ್ತದೆ.

ಆರನೆಯ ಹಂತ: ನೆಲ, ಬೆಳಕು, ಸದ್ದು

ಡಿಸೆಂಬರಿನ ಕೊನೆಯಲ್ಲಿ ಕೋಪನ್‌ಹೇಗನ್ನಿನ ಹಗಲು ಸುಮಾರು ಏಳು ಗಂಟೆಯದ್ದು, ಹೆಲ್ಸಿಂಕಿಯಲ್ಲಿ ಅದು ಆರು ಗಂಟೆಗೂ ಕಡಿಮೆ. ಬೆಂಗಳೂರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಈ ವ್ಯತ್ಯಾಸವನ್ನು ಅರಿತರೆ, ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟ ಮಗು ಕತ್ತಲಲ್ಲಿ ಮನೆಗೆ ನಡೆಯುವ ದೃಶ್ಯ ಭಯ ಹುಟ್ಟಿಸಲು ಮಾಡಿದ ತಂತ್ರವಲ್ಲ, ಅಲ್ಲಿನ ದಿನಚರಿ ಎಂಬುದು ತಿಳಿಯುತ್ತದೆ. ಬೇಸಿಗೆಯ ಕಥೆಗಳಲ್ಲಿ ಇದೇ ಸಂಗತಿ ತಿರುಗುಮುರುಗಾಗುತ್ತದೆ. ಸ್ವೀಡನ್ನಿನ ಉತ್ತರ ತುದಿಯ ಕಿರುನಾದಲ್ಲಿ ನಡೆಯುವ 2016ರ 'ಮಿಡ್‌ನೈಟ್ ಸನ್' ಧಾರಾವಾಹಿಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ನಿದ್ರೆಯಿಲ್ಲದ ಬೆಳಕೇ ಅಲ್ಲಿ ಹಿಂಸೆಯಾಗುತ್ತದೆ. ಆ ಊರಿನ ಕಬ್ಬಿಣದ ಗಣಿ ಮತ್ತು ಸಾಮಿ ಮೂಲನಿವಾಸಿಗಳ ಬದುಕು ಕಥೆಯ ಒಡಲಲ್ಲೇ ಇವೆ.

2015ರಲ್ಲಿ ಬಾಲ್ತಸಾರ್ ಕೋರ್ಮಾಕುರ್ ಸೃಷ್ಟಿಸಿದ 'ಟ್ರ್ಯಾಪ್ಡ್' ಹವಾಮಾನವನ್ನೇ ಕಥೆಯ ಯಂತ್ರವಾಗಿ ಬಳಸುವುದನ್ನು ನೋಡಲು ಅತ್ಯುತ್ತಮ ಪಾಠ. ಡೆನ್ಮಾರ್ಕಿನಿಂದ ಬಂದ ಹಡಗು ಐಸ್‌ಲ್ಯಾಂಡಿನ ಸಣ್ಣ ಬಂದರೂರನ್ನು ಮುಟ್ಟುವ ಹೊತ್ತಿಗೆ ಮೀನುಗಾರರ ಬಲೆಗೆ ಮನುಷ್ಯದೇಹದ ಮುಂಡ ಸಿಗುತ್ತದೆ. ಹಿಮಗಾಳಿಯಿಂದ ಬೆಟ್ಟದ ದಾರಿ ಮುಚ್ಚಿ, ರಾಜಧಾನಿಯ ತಜ್ಞರು ಬರಲಾಗದೆ, ಆಂದ್ರಿ ಎಂಬ ಠಾಣಾಧಿಕಾರಿ ಮತ್ತು ಅವನ ಇಬ್ಬರು ಸಹೋದ್ಯೋಗಿಗಳೇ ಎಲ್ಲವನ್ನೂ ನಿಭಾಯಿಸಬೇಕಾಗುತ್ತದೆ. ಚಿತ್ರೀಕರಣದ ಬಹುಭಾಗ ನಡೆದ ಸಿಗ್ಲುಫ್ಯೋರ್ದುರ್ ಎಂಬ ಊರಿನಲ್ಲಿ ಬೆಟ್ಟಗಳ ಮರೆಯಿಂದಾಗಿ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಕಥೆಯ ಹಿಂದೆ 2008ರಲ್ಲಿ ಐಸ್‌ಲ್ಯಾಂಡಿನ ಬ್ಯಾಂಕುಗಳು ಕುಸಿದು ಬಿದ್ದ ನೆನಪು ಮತ್ತು ಹೊಸ ಬಂದರಿಗಾಗಿ ಹೊರದೇಶದ ಹಣವನ್ನು ಕಾಯುತ್ತಿರುವ ಊರಿನ ಪ್ರಮುಖರ ಆಸೆ ಎರಡೂ ಇವೆ. ಯಾರ ಜಮೀನು, ಯಾರಿಗೆ ಎಷ್ಟಕ್ಕೆ ಎಂಬ ಮಾತುಗಳು ಬಂದಾಗಲೆಲ್ಲ ಕಿವಿ ಚುರುಕಾಗಿರಲಿ. ನಟ ಓಲಾಫುರ್ ದಾರಿ ಓಲಾಫ್ಸನ್ ಅವರ ಭಾರವಾದ, ದಣಿದ ದೇಹವನ್ನು ಕ್ಯಾಮೆರಾ ಹಿಮದೊಳಗೆ ಹಿಂಬಾಲಿಸುವ ರೀತಿಯೂ ಅಷ್ಟೇ ಗಮನಾರ್ಹ.

ಶೀರ್ಷಿಕೆ ಗೀತೆಯನ್ನು ದಾಟಿಸಿ ಮುಂದೆ ಹೋಗುವ ಗುಂಡಿಯನ್ನು ಒತ್ತಬೇಡಿ. 'ದಿ ಬ್ರಿಡ್ಜ್' ಆರಂಭದಲ್ಲಿ ಕೇಳುವ ಹಾಡು ಮತ್ತು ರಾತ್ರಿಯ ನಗರದ ದೃಶ್ಯಗಳು ಆ ಕಂತಿನ ಗತಿಗೆ ನಮ್ಮ ಉಸಿರನ್ನು ಹೊಂದಿಸುತ್ತವೆ. 'ಫೋರ್‌ಬ್ರಿಡೆಲ್ಸನ್' ಕಂತುಗಳ ಕೊನೆಯಲ್ಲಿ ಫ್ರಾನ್ಸ್ ಬಾಕ್ ಅವರ ಸಂಗೀತದೊಂದಿಗೆ ಎಲ್ಲ ಪಾತ್ರಗಳ ಆ ಹೊತ್ತಿನ ಸ್ಥಿತಿಯನ್ನು ಒಂದರ ಹಿಂದೆ ಒಂದರಂತೆ ತೋರಿಸುವ ಭಾಗವನ್ನು ಪೂರ್ತಿ ನೋಡಲೇಬೇಕು.

ಏಳನೆಯ ಹಂತ: ಅಲ್ಲಿನ ಕಾನೂನಿನ ಅಲ್ಪಸ್ವಲ್ಪ ಪರಿಚಯ

ಕೆಲವು ಸಂಗತಿಗಳು ತಿಳಿದಿದ್ದರೆ ಸಾಕು. ಡೆನ್ಮಾರ್ಕಿನಲ್ಲಿ ಬಂಧಿತನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು, ಪೊಲೀಸರ ಗಡಿಯಾರದ ಆತುರ ಅಲ್ಲಿಂದ ಬರುತ್ತದೆ. ಸ್ವೀಡನ್ನಿನಲ್ಲಿ ಗಂಭೀರ ಪ್ರಕರಣಗಳ ತನಿಖೆಯನ್ನು ಮುನ್ನಡೆಸುವವರು ಸರ್ಕಾರಿ ಅಭಿಯೋಜಕರು. ಐಸ್‌ಲ್ಯಾಂಡಿನ ಪೊಲೀಸರು ರೂಢಿಯಂತೆ ಸೊಂಟದಲ್ಲಿ ಬಂದೂಕು ಧರಿಸುವುದಿಲ್ಲ, ನಾರ್ವೆಯ ಪೊಲೀಸರಲ್ಲೂ ಬಹುಕಾಲ ಇದೇ ರೂಢಿಯಿತ್ತು. ಐಸ್‌ಲ್ಯಾಂಡಿನಲ್ಲಿ ಪೊಲೀಸರ ಗುಂಡಿಗೆ ಒಬ್ಬ ವ್ಯಕ್ತಿ ಮೊದಲ ಬಾರಿಗೆ ಸತ್ತದ್ದು 2013ರಲ್ಲಿ. ಐದೂ ದೇಶಗಳಲ್ಲಿ ಮರಣದಂಡನೆ ಇಲ್ಲ. ಆದ್ದರಿಂದ ಕೊನೆಯ ಕಂತಿನಲ್ಲಿ ಎನ್‌ಕೌಂಟರ್ ನಡೆದು ನ್ಯಾಯ ಸಿಕ್ಕಿತೆಂದು ನಿಟ್ಟುಸಿರು ಬಿಡುವ ಮುಕ್ತಾಯವನ್ನು ಇಲ್ಲಿ ನಿರೀಕ್ಷಿಸಬಾರದು. ಪೊಲೀಸ್ ಅಧಿಕಾರಿ ಬಂದೂಕು ಎತ್ತುವುದೇ ಈ ಕಥೆಗಳಲ್ಲಿ ಸೋಲಿನ ಗುರುತಾಗಿ ಬರುವುದು ಹೆಚ್ಚು.

ಎಂಟನೆಯ ಹಂತ: ವಿಮರ್ಶೆಯ ಕಣ್ಣನ್ನು ತೆರೆದಿಡುವುದು

ಮೆಚ್ಚುವುದೆಂದರೆ ಎಲ್ಲವನ್ನೂ ಒಪ್ಪುವುದಲ್ಲ. ಹೆಣ್ಣಿನ ಛಿದ್ರಗೊಂಡ ದೇಹದಿಂದ ಕಥೆಯನ್ನು ಆರಂಭಿಸುವ ಚಾಳಿ ಈ ಪ್ರಕಾರದಲ್ಲಿ ಆಳವಾಗಿ ಬೇರೂರಿದೆ. ಪ್ರತಿ ಧಾರಾವಾಹಿಯಲ್ಲೂ ಒಂದನ್ನು ಪರೀಕ್ಷಿಸಬೇಕು: ಸತ್ತವಳಿಗೆ ಹೆಸರು, ಗೆಳೆಯರು, ಆಸೆಗಳು, ಕೋಣೆಯ ಗೋಡೆಯ ಮೇಲಿನ ಚಿತ್ರಗಳು ಇವೆಯೇ, ಅಥವಾ ಅವಳು ಮೇಜಿನ ಮೇಲಿನ ಸಾಕ್ಷ್ಯ ಮಾತ್ರವೇ? ವಲಸಿಗ ಪಾತ್ರಗಳು ಅನುಮಾನದ ದಿಕ್ಕು ತಪ್ಪಿಸಲಷ್ಟೇ ಬಂದುಹೋಗುತ್ತವೆಯೇ ಎಂಬುದನ್ನೂ ನೋಡಬೇಕು. ಹಾಗೆಯೇ, ನಾಲ್ಕು ಲಕ್ಷದ ಆಸುಪಾಸಿನ ಜನಸಂಖ್ಯೆಯ ಐಸ್‌ಲ್ಯಾಂಡಿನಲ್ಲಿ ವರ್ಷಕ್ಕೆ ನಡೆಯುವ ಕೊಲೆಗಳು ಬೆರಳೆಣಿಕೆಯಷ್ಟು. ಪರದೆಯ ಮೇಲೆ ಕಾಣುವ ಸರಣಿ ಹತ್ಯೆಗಳಿಂದ ಆ ಸಮಾಜವನ್ನು ಅಳೆಯಬಾರದು.

ಈ ಪ್ರಶ್ನೆಗಳಿಗೆ ಒಳಗಿನಿಂದಲೇ ಬಂದ ಅತ್ಯಂತ ಗಟ್ಟಿಯ ಉತ್ತರ ತೊಬಿಯಾಸ್ ಲಿಂಡ್‌ಹೋಮ್ ಅವರು 2020ರಲ್ಲಿ ಮಾಡಿದ 'ದಿ ಇನ್ವೆಸ್ಟಿಗೇಷನ್'. ಸ್ವೀಡನ್ನಿನ ಪತ್ರಕರ್ತೆ ಕಿಮ್ ವಾಲ್ ಅವರನ್ನು 2017ರಲ್ಲಿ ಜಲಾಂತರ್ಗಾಮಿಯೊಂದರಲ್ಲಿ ಕೊಂದ ನಿಜ ಪ್ರಕರಣದ ತನಿಖೆಯನ್ನು ಇದು ಆರು ಕಂತುಗಳಲ್ಲಿ ಹೇಳುತ್ತದೆ. ಕೊಲೆಯನ್ನು ತೋರಿಸುವುದಿಲ್ಲ, ಕೊಂದವನನ್ನು ತೋರಿಸುವುದಿಲ್ಲ, ಅವನ ಹೆಸರನ್ನು ಒಮ್ಮೆಯೂ ಉಚ್ಚರಿಸುವುದಿಲ್ಲ. ಬದಲಾಗಿ ಸಮುದ್ರದ ತಳವನ್ನು ದಿನಗಟ್ಟಲೆ ತಡಕುವ ಮುಳುಗುಗಾರರು, ವಾಸನೆ ಹಿಡಿಯುವ ನಾಯಿಗಳು, ಪ್ರವಾಹದ ದಿಕ್ಕನ್ನು ಲೆಕ್ಕಹಾಕುವವರು, ಸಾಕ್ಷ್ಯ ಸಾಲದೆಂದು ಹೇಳಬೇಕಾದ ಅಭಿಯೋಜಕ, ಮತ್ತು ಮಗಳನ್ನು ಕಳೆದುಕೊಂಡ ತಂದೆತಾಯಿ ಇವರೇ ಕಥೆಯ ಜನ. ರೋಚಕತೆಗೆ ಒಗ್ಗಿದ ಕಣ್ಣಿಗೆ ಮೊದಲ ಎರಡು ಕಂತು ಕಷ್ಟವೆನಿಸಬಹುದು. ಆದರೆ ಅಪರಾಧ ಕಥೆ ಯಾರ ಕಡೆಗೆ ಮುಖ ಮಾಡಿ ನಿಲ್ಲಬೇಕು ಎಂಬ ಪ್ರಶ್ನೆಗೆ ಇಷ್ಟು ನೇರವಾದ ನಿಲುವನ್ನು ತಳೆದ ಧಾರಾವಾಹಿ ಅಪರೂಪ. ಇದನ್ನು ಮೂರನೆಯ ಅಥವಾ ನಾಲ್ಕನೆಯದಾಗಿ ನೋಡಬೇಕೇ ಹೊರತು ಮೊದಲನೆಯದಾಗಿ ಅಲ್ಲ, ಏಕೆಂದರೆ ಅದು ಏನೇನನ್ನು ಬಿಟ್ಟುಕೊಟ್ಟಿದೆ ಎಂಬುದು ಉಳಿದವುಗಳನ್ನು ನೋಡಿದವರಿಗೆ ಮಾತ್ರ ಕಾಣುತ್ತದೆ.

ಒಂಬತ್ತನೆಯ ಹಂತ: ಮರುನೋಟ ಮತ್ತು ಹೋಲಿಕೆ

'ಫೋರ್‌ಬ್ರಿಡೆಲ್ಸನ್' ಮುಗಿದ ಮೇಲೆ ಕೆಲವು ವಾರ ಬಿಟ್ಟು ಅದರ ಮೊದಲ ನಾಲ್ಕು ಕಂತುಗಳನ್ನು ಮತ್ತೊಮ್ಮೆ ನೋಡಿ. ಅಪರಾಧಿ ಯಾರೆಂಬುದನ್ನು ಚಿತ್ರೀಕರಣದ ಕೊನೆಯ ಹಂತದವರೆಗೆ ನಟರಿಗೂ ತಿಳಿಸಿರಲಿಲ್ಲ. ಹೀಗಾಗಿ ಆ ವ್ಯಕ್ತಿಯ ಮುಖದಲ್ಲಿ ತಪ್ಪಿತಸ್ಥನ ಕಳೆಯನ್ನು ಹುಡುಕಿದರೆ ಸಿಗುವುದಿಲ್ಲ. ಹುಡುಕಬೇಕಾದ್ದು ಬರಹದಲ್ಲಿ: ಆ ಪಾತ್ರ ಯಾವ ಸಂದರ್ಭದಲ್ಲಿ ಕೋಣೆಯೊಳಗಿದೆ, ಯಾರ ನೋವಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದರಲ್ಲಿ. ಆಮೇಲೆ 2009ರ ಎರಡನೆಯ ಸರಣಿಗೆ ಹೋಗಬಹುದು. ಅದು ಅಫ್ಘಾನಿಸ್ತಾನದ ಯುದ್ಧದಿಂದ ಮರಳಿದ ಡ್ಯಾನಿಷ್ ಸೈನಿಕರ ಕಥೆ. 2012ರ ಮೂರನೆಯದು ಆರ್ಥಿಕ ಕುಸಿತದ ದಿನಗಳ ಕಥೆ. ಎರಡರಲ್ಲೂ ಹತ್ತತ್ತೇ ಕಂತುಗಳಿವೆ.

ಹೋಲಿಕೆಗೆ 'ದಿ ಬ್ರಿಡ್ಜ್' ಎಲ್ಲಕ್ಕಿಂತ ಒಳ್ಳೆಯ ಅವಕಾಶ ಕೊಡುತ್ತದೆ. ಗಡಿಯ ಮೇಲೆ ಸಿಕ್ಕ ದೇಹ ಎಂಬ ಅದೇ ಸನ್ನಿವೇಶವನ್ನು 2013ರಲ್ಲಿ ಅಮೆರಿಕದವರು ಎಲ್ ಪಾಸೋ ಮತ್ತು ಮೆಕ್ಸಿಕೋದ ಹ್ವಾರೆಸ್ ನಡುವಿನ ಸೇತುವೆಗೂ, ಬ್ರಿಟನ್ ಮತ್ತು ಫ್ರಾನ್ಸಿನವರು ತಮ್ಮ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯಡಿಯ ಸುರಂಗಕ್ಕೂ ಕೊಂಡೊಯ್ದರು. ಮೂರರ ಮೊದಲ ಕಂತನ್ನು ಮಾತ್ರ ಮೂರು ರಾತ್ರಿ ನೋಡಿ, ಗಡಿಯ ಎರಡು ಬದಿಗಳ ನಡುವಿನ ಅಂತರವನ್ನು ಬರೆದಿಟ್ಟುಕೊಳ್ಳಿ. ಮಾಲ್ಮೋ ಮತ್ತು ಕೋಪನ್‌ಹೇಗನ್ ನಡುವೆ ಇರುವುದು ಸ್ವಭಾವ ಮತ್ತು ಆಡಳಿತದ ಭೇದ, ಅಲ್ಲಿ ಜನ ಬೆಳಿಗ್ಗೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕೆಲಸಕ್ಕೆ ಹೋಗಿ ಸಂಜೆ ಮರಳುತ್ತಾರೆ. ಎಲ್ ಪಾಸೋ ಮತ್ತು ಹ್ವಾರೆಸ್ ನಡುವೆ ಇರುವುದು ಹಣ ಮತ್ತು ಜೀವದ ಬೆಲೆಯ ಭೇದ. ಹ್ವಾರೆಸ್‌ನಲ್ಲಿ ವರ್ಷಾನುಗಟ್ಟಲೆ ನೂರಾರು ಹೆಣ್ಣುಮಕ್ಕಳು ಕೊಲೆಯಾಗಿಯೂ ಕಾಣೆಯಾಗಿಯೂ ಹೋದದ್ದು ನಿಜವಾಗಿ ನಡೆದ ಸಂಗತಿ. ಒಂದೇ ಕಥೆಯ ಎಲುಬಿನ ಮೇಲೆ ಆಯಾ ನೆಲ ಎಷ್ಟು ಬೇರೆಯ ಮಾಂಸವನ್ನು ತುಂಬಿಕೊಂಡಿದೆ ಎಂಬುದು ಆ ಮೂರು ರಾತ್ರಿಗಳ ಟಿಪ್ಪಣಿಯನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ತಿಳಿಯುತ್ತದೆ, ಮತ್ತು ಮೂರರಲ್ಲಿ ಯಾವುದನ್ನು ಪೂರ್ತಿ ನೋಡಬೇಕೆಂಬ ತೀರ್ಮಾನವನ್ನು ಆಗ ನೀವೇ ಮಾಡಬಲ್ಲಿರಿ.